ಹುಟ್ಟುತ್ತಲೇ ಆರೋಪಿಗಳು

ಆಗಸ್ಟ್ 15 ಎಲ್ಲರಿಗೂ ಗೊತ್ತು. ಆಗಸ್ಟ್ 31? ಹುಟ್ಟಿದ ಜಾತಿಯನ್ನೇ ಅಪರಾಧ ಎಂದ ಬ್ರಿಟಿಷ್ ಕಾಯ್ದೆ ರದ್ದಾಗಿದ್ದು 1952ರ ಆ ದಿನ. ಹುಬ್ಬಳ್ಳಿ, ಗದಗ, ವಿಜಯಪುರದ ತಂತಿಬೇಲಿಗಳು ಹೋದವು. ಬೇಲಿಯೊಳಗೆ ಬಾಳಿದವರ ಕಥೆ ಮಾತ್ರ ನಮ್ಮ ಚರಿತ್ರೆಯ ಪುಸ್ತಕದ ಹೊರಗೇ ಉಳಿದಿದೆ.

ಗಿರಣಿಯ ಸೀಟಿ ಕೂಗಿ ಹೊತ್ತಾಗಿದೆ. ತಲೆ, ಹೆಗಲ ಮೇಲೆ ಹತ್ತಿಯ ಧೂಳು ಹೊತ್ತ ಗಂಡಸರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು ಸಾಲಾಗಿ ನಿಂತಿದ್ದಾರೆ. ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು. ಗುಮಾಸ್ತ ಒಂದೊಂದೇ ಹೆಸರು ಕೂಗುತ್ತಾನೆ. ಕೂಗಿದ ಕೂಡಲೇ ಓಗೊಡಬೇಕು.

ಓಗೊಡದವರ ಹೆಸರಿನ ಮುಂದೆ ಗುರುತು ಬೀಳುತ್ತದೆ. ಗುರುತು ಬಿದ್ದವರನ್ನು ಹಿಡಿದು ತರಲು ವಾರಂಟು ಬೇಕಿಲ್ಲ. ಪೊಲೀಸರೇ ಆಗಬೇಕೆಂದಿಲ್ಲ, ಊರ ತಳವಾರನೂ ಹಿಡಿಯಬಹುದು. ಹಾಜರಿ ಮುಗಿದ ಮೇಲಷ್ಟೇ ಒಲೆ, ರೊಟ್ಟಿ, ನಿದ್ದೆ. ಬೆಳಗಾದರೆ ಮತ್ತೆ ಸೀಟಿ, ಮತ್ತೆ ಗಿರಣಿ, ಮತ್ತೆ ಅದೇ ರಿಜಿಸ್ಟರು.

ಇದು ಸೆರೆಮನೆಯಲ್ಲ. ಆ ಸಾಲಿನಲ್ಲಿ ನಿಂತವರಲ್ಲಿ ಒಮ್ಮೆಯೂ ಕೋರ್ಟಿನ ಕಟಕಟೆ ಹತ್ತದವರಿದ್ದಾರೆ, ಯಾರ ಮನೆಯ ಕಡ್ಡಿಯನ್ನೂ ಮುಟ್ಟದವರಿದ್ದಾರೆ. ಅವರು ಮಾಡಿದ ತಪ್ಪು ಇಷ್ಟೇ: ಸರ್ಕಾರ ಪಟ್ಟಿ ಮಾಡಿದ ಜಾತಿಯೊಂದರಲ್ಲಿ ಹುಟ್ಟಿದ್ದು.

ನೂರು ವರ್ಷಗಳ ಹಿಂದೆ ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರ, ಪಕ್ಕದ ಸೊಲ್ಲಾಪುರಗಳಲ್ಲಿ ನಡೆಯುತ್ತಿದ್ದ ದಿನಚರಿ ಇದು. ಜಾಗಕ್ಕೆ ಸರ್ಕಾರ ಇಟ್ಟ ಹೆಸರು ಸೆಟ್ಲಮೆಂಟ್. ಆ ಹೆಸರು ಈಗಲೂ ಹೋಗಿಲ್ಲ. ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿದು ಆಟೋದವರಿಗೆ ‘ಸೆಟ್ಲಮೆಂಟಿಗೆ ಹೋಗ್ಬೇಕ್ರೀ’ ಅಂದರೆ ಸಾಕು, ಮರುಮಾತಿಲ್ಲದೆ ಕರೆದೊಯ್ಯುತ್ತಾರೆ. ಆ ಓಣಿಗೆ ಆ ಹೆಸರು ಯಾಕೆ ಬಂತು ಎಂದು ಕೇಳಿದರೆ ಬಹಳಷ್ಟು ಮಂದಿ ತಡವರಿಸುತ್ತಾರೆ.

ಲಾವಣಿ ಇದ್ದವರು, ಇಲ್ಲದವರು

ಬ್ರಿಟಿಷರ ಕಾಲವನ್ನು ನೆನೆಯುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದನ್ನು ವರ್ಷಾ ವರ್ಷ ಉತ್ಸವ ಮಾಡಿ ನೆನೆಯುತ್ತೇವೆ. 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಜನ ನಂದಗಡಕ್ಕೆ ಹೋಗಿ ಹರಕೆ ಹೊರುತ್ತಾರೆ. 1857ರಲ್ಲಿ ಆಯುಧ ಒಪ್ಪಿಸಲೊಲ್ಲದ ಹಲಗಲಿಯ ಬೇಡರ ಕಥೆ ಲಾವಣಿಯಾಯಿತು. ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಮುಂದೆ ಅದು ಶಾಲೆಯ ಪಠ್ಯಕ್ಕೂ ಬಂತು.

ಇವೆಲ್ಲ ಬೇಕು. ಆದರೆ ಇವೆಲ್ಲವೂ ಎದುರು ನಿಂತು ಕಾದಾಡಿದವರ ನೆನಪು. ಕತ್ತಿ ಹಿಡಿಯದೆ, ಕೋಟೆ ಕಟ್ಟದೆ, ದಿನದಿನವೂ ಹಾಜರಿ ಕೊಡುತ್ತ ಆ ಆಳ್ವಿಕೆಯ ಭಾರ ಹೊತ್ತವರಿಗೆ ಉತ್ಸವವಿಲ್ಲ, ಪುತ್ಥಳಿಯಿಲ್ಲ, ಪಾಠವೂ ಇಲ್ಲ. ಅವರನ್ನು ತಪ್ಪದೆ ನೆನಪಿಟ್ಟುಕೊಂಡದ್ದು ಒಂದೇ ಜಾಗ, ಪೊಲೀಸ್ ಠಾಣೆ.

ವಸಾಹತುಶಾಹಿಯ ನೆನಪು ಅಂದರೆ ಬರೀ ಯುದ್ಧಗಳ ನೆನಪಲ್ಲ. ಒಂದು ಕಾಯ್ದೆ ಒಂದು ಜನಸಮುದಾಯದ ಬೆನ್ನ ಮೇಲೆ ನಾಲ್ಕೈದು ತಲೆಮಾರು ಕೂತದ್ದೂ ಅದೇ ಚರಿತ್ರೆ. ಅದನ್ನು ಮರೆತರೆ ಕಾಯ್ದೆ ಹೋದ ಮೇಲೂ ಕಾಯ್ದೆಯ ಬುದ್ಧಿ ನಮ್ಮೊಳಗೆ ಉಳಿದುಬಿಡುತ್ತದೆ. ಉಳಿದುಬಿಟ್ಟಿದೆ.

ದಂಡಿಗೆ ಅನ್ನ ಕೊಟ್ಟವರು ಕಳ್ಳರಾದರು

ಕಥೆ ಶುರುವಾಗುವುದು 1871ರ ಅಕ್ಟೋಬರಿನಲ್ಲಿ. 1857ರ ದಂಗೆಯ ಭಯ ಸರ್ಕಾರದ ಮೈಯಿಂದ ಇನ್ನೂ ಇಳಿದಿರಲಿಲ್ಲ. ಒಂದು ಊರಿಗೆ, ಒಂದು ಹೊಲಕ್ಕೆ ಅಂಟಿಕೊಳ್ಳದೆ ತಿರುಗಾಡುವ ಜನರನ್ನು ಕಂಡರೆ ಅದಕ್ಕೆ ಗುಮಾನಿ. ತೆರಿಗೆ ಹಾಕಲು ಸಿಗುವುದಿಲ್ಲ, ಲೆಕ್ಕಕ್ಕೆ ಸಿಗುವುದಿಲ್ಲ, ಸುದ್ದಿಯನ್ನು ಊರಿಂದೂರಿಗೆ ಒಯ್ಯುತ್ತಾರೆ.

ಆಗ ಬಂದದ್ದು ಅಪರಾಧಿ ಬುಡಕಟ್ಟುಗಳ ಕಾಯ್ದೆ. ಅದರ ಬೆನ್ನಿಗಿದ್ದ ವಾದ ಸರಳ: ಈ ದೇಶದಲ್ಲಿ ಕಸುಬು ಜಾತಿಯಿಂದ ಬರುತ್ತದೆ. ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ. ಹಾಗಾದರೆ ಕಳ್ಳತನವನ್ನೇ ಕುಲಕಸುಬು ಮಾಡಿಕೊಂಡ ಜಾತಿಗಳೂ ಇರಲೇಬೇಕು. ಜಾತಿಪದ್ಧತಿಯ ತರ್ಕಕ್ಕೆ ಪೊಲೀಸ್ ಲಾಠಿ ಸೇರಿಸಿ ಮಾಡಿದ ಕಾನೂನು ಇದು.

ಯಾರು ಈ ‘ಕುಲಕಳ್ಳರು’? ಕೊರಚ, ಕೊರಮರನ್ನು ನೋಡಿ. ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಹೊತ್ತು ತಂದು, ಒಳನಾಡಿನ ಕಾಳುಕಡ್ಡಿಯನ್ನು ಅತ್ತ ಒಯ್ದವರು ಅವರಲ್ಲಿದ್ದರು. ಬಿದಿರು, ಈಚಲ ಗರಿಯ ಬುಟ್ಟಿ ಹೆಣೆದವರಿದ್ದರು. ಮದುವೆ, ಜಾತ್ರೆಗಳಲ್ಲಿ ವಾದ್ಯ ನುಡಿಸಿದವರಿದ್ದರು. ರಸ್ತೆ ಇಲ್ಲದ ಹಳ್ಳಿಗೂ ಉಪ್ಪು ಮುಟ್ಟಿಸುತ್ತಿದ್ದವರು ಇವರೇ.

ಲಂಬಾಣಿಗರನ್ನು ನೋಡಿ. ಸಾವಿರಾರು ಎತ್ತುಗಳ ಹೇರಿನ ಮೇಲೆ ಧಾನ್ಯ ಸಾಗಿಸುತ್ತಿದ್ದ ಜನ. 1792ರಲ್ಲಿ, ಮತ್ತೆ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ದಂಡಿನ ಹೊಟ್ಟೆ ತುಂಬಿದ್ದು ಬಹುಮಟ್ಟಿಗೆ ಇವರ ಎತ್ತುಗಳಿಂದ. ಅದೇ ಇಂಗ್ಲಿಷರು ಮುಂದೆ ಹಲವು ಕಡೆ ಲಂಬಾಣಿ ಗುಂಪುಗಳನ್ನೂ ಅಪರಾಧಿಗಳ ಪಟ್ಟಿಗೆ ಹಾಕಿದರು.

ನಡುವೆ ಆದದ್ದೇನು? ಉಪ್ಪಿನ ಮೇಲೆ ಸರ್ಕಾರ ಹಿಡಿತ ಬಿಗಿಮಾಡಿ ತೆರಿಗೆ ಹೇರಿತು. ರೈಲು ಬಂತು, ಹೇರೆತ್ತಿನ ವ್ಯಾಪಾರದ ಸೊಂಟ ಮುರಿಯಿತು. 1878ರ ಅರಣ್ಯ ಕಾಯ್ದೆಯ ನಂತರ ಕಾಡಿನ ಬಿದಿರು ಮುಟ್ಟಿದರೂ ತಪ್ಪಾಯಿತು. ಇದೇ ಹೊತ್ತಿಗೆ 1876–78ರ ಭೀಕರ ಬರ ವಿಜಯಪುರ, ಬಾಗಲಕೋಟೆ ಸೀಮೆಯನ್ನು ಬಡಿದು ಹಾಕಿತು. ಬದುಕಿನ ಎಲ್ಲ ದಾರಿಗಳನ್ನೂ ಮುಚ್ಚಿದ ಸರ್ಕಾರ, ದಾರಿ ಕಾಣದೆ ನಿಂತವರನ್ನು ‘ಇವರಿಗೆ ನೆಟ್ಟಗೆ ಹೇಳಿಕೊಳ್ಳುವ ಕಸುಬಿಲ್ಲ’ ಎಂದು ಬರೆದುಕೊಂಡಿತು. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಅವರು 2001ರಲ್ಲಿ ಬಂದ ತಮ್ಮ ಅಧ್ಯಯನದಲ್ಲಿ ಕೊರಚ, ಕೊರಮರ ಬಳಗದವರೇ ಆದ ಕೊರವರ ಕಥೆಯನ್ನು ಹಿಡಿದು ಈ ಕಾರಣ-ಪರಿಣಾಮದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿಟ್ಟಿದ್ದಾರೆ.

ಮೊದಲು ಉತ್ತರ ಭಾರತಕ್ಕಷ್ಟೇ ಇದ್ದ ಕಾಯ್ದೆ 1911ರಲ್ಲಿ ಮದ್ರಾಸ್, ಮುಂಬೈ ಪ್ರಾಂತಗಳಿಗೂ ಹರಡಿತು. ಅಂದರೆ ಒಂದೆಡೆ ಬಳ್ಳಾರಿ, ಮಂಗಳೂರಿಗೆ, ಇನ್ನೊಂದೆಡೆ ಧಾರವಾಡ, ಬೆಳಗಾವಿ, ವಿಜಯಪುರಕ್ಕೆ ಬಂತು. ಕೊರವ, ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ, ಕಂಜರಭಾಟ – ಹೀಗೆ ಒಂದೊಂದೇ ಸಮುದಾಯ ರಿಜಿಸ್ಟರು ಸೇರಿತು.

┌─────────────
ಕಾಯ್ದೆಯಲ್ಲಿ ಏನಿತ್ತು?

• ಒಂದು ಸಮುದಾಯವನ್ನು ‘ಅಪರಾಧಿ’ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದರೆ ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ.

• ನೋಂದಣಿಯಾದವರು ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಕೊಡಬೇಕು. ಮನೆ ಬದಲಿಸಿದರೆ, ಊರು ಬಿಟ್ಟರೆ ತಿಳಿಸಬೇಕು.

• 1911ರ ಕಾಯ್ದೆಯಂತೆ ಬೆರಳಚ್ಚು ಕೊಡಬೇಕು.

• ಪಟ್ಟಿ ಮಾಡಿದ ಅಪರಾಧಗಳಲ್ಲಿ ಎರಡನೇ ಬಾರಿ ಶಿಕ್ಷೆಯಾದರೆ ಕನಿಷ್ಠ 7 ವರ್ಷ ಸೆರೆ, ಮೂರನೇ ಬಾರಿಗೆ ಜೀವಾವಧಿ ಗಡಿಪಾರು.

• ಕಳ್ಳತನ ಮಾಡಬೇಕಿಲ್ಲ, ಮಾಡಲು ಹೊಂಚುತ್ತಿದ್ದಂತೆ ಕಂಡರೂ 3 ವರ್ಷದವರೆಗೆ ಸೆರೆ.

• 1897ರ ತಿದ್ದುಪಡಿಯಂತೆ 4ರಿಂದ 18 ವರ್ಷದ ಗಂಡುಮಕ್ಕಳನ್ನು ತಂದೆ-ತಾಯಿಯಿಂದ ಬೇರ್ಪಡಿಸಿ ಸುಧಾರಣಾ ವಸತಿಯಲ್ಲಿಡಬಹುದು.
└─────────────

ಬೇಲಿ, ಪಾಸು, ಗಿರಣಿ

ಮುಂಬೈ ಪ್ರಾಂತದಲ್ಲಿ ಸೆಟ್ಲಮೆಂಟ್‌ಗಳನ್ನು ಕಟ್ಟಿ ನಿಲ್ಲಿಸಿದ ಅಧಿಕಾರಿ ಒ.ಎಚ್.ಬಿ. ಸ್ಟಾರ್ಟೆ. ಐಸಿಎಸ್ ಸೇವೆಯವರು. ವಿಜಯಪುರದಲ್ಲಿ ಶುರುವಾದ ಪ್ರಯೋಗ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೆ ಹಬ್ಬಿತು. ಎಲ್ಲವನ್ನೂ ನೋಡಿಕೊಳ್ಳುವ ಕಚೇರಿ ಧಾರವಾಡದಲ್ಲಿತ್ತು.

ಒಳಗಿನ ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿತ್ತು. ಹೊಸದಾಗಿ ತಂದವರು ತಂತಿಬೇಲಿಯೊಳಗೆ. ನಡತೆ ಸರಿ ಕಂಡರೆ ಸ್ವಲ್ಪ ಸಡಿಲ. ಇನ್ನೂ ಸರಿ ಕಂಡರೆ ಬೇಲಿಯ ಹೊರಗೆ ಗುಡಿಸಲು ಹಾಕಿಕೊಳ್ಳಲು ಅಪ್ಪಣೆ. ತಪ್ಪು ಕಂಡರೆ ಮತ್ತೆ ಒಳಗೆ. ಬೀಗರ ಮನೆಗೆ ಹೋಗಬೇಕೆ, ಸತ್ತವರ ಮಣ್ಣಿಗೆ ಹೋಗಬೇಕೆ, ಮೊದಲು ಪಾಸು. ಹೋಗುವ ಊರು ಯಾವುದು, ಮರಳುವ ದಿನ ಯಾವುದು ಎಂದು ಬರೆದ ಆ ಕಾಗದದ ತುಂಡು ಕಳೆದುಹೋದರೆ ಮನುಷ್ಯ ಅಪರಾಧಿ.

ಹತ್ತಿಯ ನಾಡಿನ ನೂಲಿನ ಗಿರಣಿಗಳಿಗೆ ಕೈಗಳು ಬೇಕಿದ್ದವು. ಸೆಟ್ಲಮೆಂಟಿನವರು ಅಲ್ಲಿಗೆ ಹೋದರು. ಬಿಟ್ಟು ಹೋಗುವಂತಿಲ್ಲದ, ಸಂಜೆ ಹಾಜರಿಗೆ ಬಂದೇ ಬರುವ ಆಳು ಯಾವ ಮಾಲೀಕನಿಗೆ ಬೇಡ? ಮದ್ರಾಸ್ ಪ್ರಾಂತದಲ್ಲೂ ಇದೇ ನಡೆಯಿತು. ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ ನಡೆಸುತ್ತಿದ್ದ, ಈಗ ಆಂಧ್ರದಲ್ಲಿರುವ ಸ್ಟುವರ್ಟ್‌ಪುರಂ ಸೆಟ್ಲಮೆಂಟಿನ ಎರುಕುಲ ಸಮುದಾಯದವರು ಚೀರಾಲದ ತಂಬಾಕು ಕಂಪನಿಯ ಆಳುಗಳಾದರು. ರೈಲು ಯಾರ ವ್ಯಾಪಾರವನ್ನು ನುಂಗಿತೋ ಅವರೇ ರೈಲು ಬೆಳೆಸಿದ ಊರುಗಳ ಗಿರಣಿಗಳಿಗೆ ಅಗ್ಗದ ಆಳುಗಳಾಗಿ ಒದಗಿದರು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಸ್ಟಾರ್ಟೆಯಂಥವರು ತಾವು ಜನರನ್ನು ಉದ್ಧಾರ ಮಾಡುತ್ತಿದ್ದೇವೆಂದೇ ನಂಬಿದ್ದರು. ಸೆಟ್ಲಮೆಂಟುಗಳಲ್ಲಿ ಶಾಲೆ ಇತ್ತು, ಮಕ್ಕಳು ಓದಲೇಬೇಕಿತ್ತು, ಔಷಧಿ ಸಿಗುತ್ತಿತ್ತು. ಊರಿನ ಶಾಲೆಯ ಹೊಸ್ತಿಲು ತುಳಿಯಲು ಬಿಡದ ನಮ್ಮದೇ ಸಮಾಜಕ್ಕಿಂತ ಬೇಲಿಯೊಳಗಿನ ಶಾಲೆಯೇ ಕೆಲವರಿಗೆ ಮೊದಲ ಅಕ್ಷರ ಕೊಟ್ಟಿತು. ಈ ಸತ್ಯವನ್ನು ಮುಚ್ಚಿಟ್ಟರೆ ನೆನಪು ಸುಳ್ಳಾಗುತ್ತದೆ. ಆದರೆ ಅಕ್ಷರಕ್ಕೆ ತೆತ್ತ ಬೆಲೆ ಸ್ವಾತಂತ್ರ್ಯ ಎಂಬುದೂ ಅಷ್ಟೇ ಸತ್ಯ. ಓದಿದ ಹುಡುಗ ಹದಿನೆಂಟು ತುಂಬಿದ ಮೇಲೂ ಅದೇ ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಬೇಕಿತ್ತು.

ಹೆಬ್ಬೆಟ್ಟಿನ ಕಥೆಯೂ ಈ ನೆಲದ್ದೇ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವ ವಿದ್ಯೆಯನ್ನು ಪೊಲೀಸ್ ಕೆಲಸಕ್ಕೆ ಪಳಗಿಸಿದ್ದು ಬಂಗಾಳದಲ್ಲಿ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಕೀರ್ತಿ ಎಡ್ವರ್ಡ್ ಹೆನ್ರಿಗೆ ಹೋಯಿತು, ಲೆಕ್ಕಾಚಾರದ ತಲೆ ಅಜೀಜುಲ್ ಹಕ್, ಹೇಮಚಂದ್ರ ಬೋಸರದ್ದು. ಇತ್ತ ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ದಕ್ಷಿಣದ ಜಾತಿಗಳ ತಲೆ, ಮೂಗು ಅಳೆದು 1909ರಲ್ಲಿ ಏಳು ಸಂಪುಟಗಳಲ್ಲಿ ಬರೆದಿಟ್ಟ. ಪೊಲೀಸರಿಗೆ ಆ ಅಳತೆಯ ಪಾಠವನ್ನೂ ಹೇಳಿದ. ಮಸಿ ಮೆತ್ತಿದ ಹೆಬ್ಬೆರಳು, ಅಳತೆಕಡ್ಡಿಯಡಿಯ ಮೂಗು – ಒಂದು ಸಮುದಾಯ ಸರ್ಕಾರದ ಕಣ್ಣಿಗೆ ಕಂಡದ್ದು ಹೀಗೆ.

┌─────────────
ಪೆರುಂಗಾಮನಲ್ಲೂರು, 1920

ಎಲ್ಲರೂ ಸುಮ್ಮನೆ ಹೆಬ್ಬೆಟ್ಟು ಒತ್ತಲಿಲ್ಲ. ಮದುರೆ ಸೀಮೆಯ ಪೆರುಂಗಾಮನಲ್ಲೂರಿನ ಪಿರಮಲೈ ಕಳ್ಳರ್ ಸಮುದಾಯ ನೋಂದಣಿಗೆ ಬಂದವರನ್ನು ತಡೆಯಿತು. 1920ರ ಏಪ್ರಿಲ್ 3ರಂದು ಪೊಲೀಸರು ಗುಂಡು ಹಾರಿಸಿದರು. ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಮಾಯಕ್ಕಾಳ್ ಎಂಬ ಹೆಣ್ಣುಮಗಳೂ ಇದ್ದಳು. ಊರಲ್ಲಿ ಅವರ ಸ್ಮಾರಕವಿದೆ. ಪ್ರತಿ ಏಪ್ರಿಲ್ 3ರಂದು ಜನ ಅಲ್ಲಿ ಸೇರುತ್ತಾರೆ. ನೆನಪನ್ನು ಸಮುದಾಯವೇ ಹೊತ್ತು ನಡೆದರೆ ಅದು ಅಳಿಯುವುದಿಲ್ಲ ಎಂಬುದಕ್ಕೆ ಈ ಊರೇ ಸಾಕ್ಷಿ.
└─────────────

ಐದು ವರ್ಷ ತಡವಾಗಿ ಬಂದ ಸ್ವಾತಂತ್ರ್ಯ

ಕಾಯ್ದೆಯ ಕ್ರೌರ್ಯ ಯಾರ ಕಣ್ಣಿಗೂ ಬೀಳಲಿಲ್ಲವೆಂದಲ್ಲ. 1936ರಲ್ಲಿ ಜವಾಹರಲಾಲ್ ನೆಹರೂ ಇದನ್ನು ಬಹಿರಂಗವಾಗಿ ಖಂಡಿಸಿದರು. ಮುಂಬೈ ಪ್ರಾಂತದಲ್ಲಿ ಕೆ.ಎಂ. ಮುನ್ಷಿ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿ 1939ರಲ್ಲಿ ವರದಿ ಕೊಟ್ಟಿತು. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ಸುಮಾರು 127 ಸಮುದಾಯಗಳು ಪಟ್ಟಿಯಲ್ಲಿದ್ದವು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

1947ರ ಆಗಸ್ಟ್ 15ರ ನಡುರಾತ್ರಿ ದೇಶ ಎಚ್ಚೆತ್ತಾಗ ಇವರಲ್ಲಿ ಲಕ್ಷಾಂತರ ಮಂದಿ ಇನ್ನೂ ಹಾಜರಿಯಲ್ಲಿದ್ದರು. ಮದ್ರಾಸ್ 1947ರಲ್ಲಿ, ಮುಂಬೈ 1949ರಲ್ಲಿ ತಂತಮ್ಮ ಪ್ರಾಂತಗಳಲ್ಲಿ ಕಾಯ್ದೆ ಕಿತ್ತುಹಾಕಿದವು. ಕಾಯ್ದೆಯನ್ನು ಪರಿಶೀಲಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ ದೇಶದಾದ್ಯಂತ ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಎಲ್ಲರಿಗಿಂತ ಐದು ವರ್ಷ, ಹದಿನಾರು ದಿನ ತಡವಾಗಿ ಈ ಜನ ಸ್ವತಂತ್ರರಾದರು. ಪಟ್ಟಿಯಿಂದ ಬಿಡುಗಡೆಯಾದ್ದರಿಂದ ಅವರು ವಿಮುಕ್ತರು. ಆ ದಿನವೇ ವಿಮುಕ್ತ ದಿನ.

ಆದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತು. ರಾಜ್ಯಗಳು ಒಂದೊಂದಾಗಿ ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ನಮ್ಮ ರಾಜ್ಯದ್ದು 1961ರಲ್ಲಿ ಬಂತು. ಕಾಗದದ ಮೇಲೆ ಅದು ಜಾತಿಗಲ್ಲ, ವ್ಯಕ್ತಿಗೆ ಅನ್ವಯ. ಠಾಣೆಯ ರೂಢಿಯಲ್ಲಿ ಹಳೆಯ ಪಟ್ಟಿಯ ನೆರಳು ಹೋಗಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ಕಾಯ್ದೆಗಳನ್ನು ತೆಗೆದುಹಾಕಿ ಎಂದು 2000ದಲ್ಲೇ ಹೇಳಿತು. 2007ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿಯೂ ಅದನ್ನೇ ಹೇಳಿತು.

ಹಳೆಯ ಕಾನೂನಿನ ಗುಂಗು ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 1871ರ ಕಾಯ್ದೆಯ ಎರಡನೇ ಭಾಗ ಹಿಜಡಾ ಸಮುದಾಯದವರನ್ನು ನೋಂದಣಿ ಮಾಡಿಸಿ ಅವರ ಮೇಲೆ ಕಣ್ಣಿಡಲು ಮೀಸಲಾಗಿತ್ತು. 140 ವರ್ಷಗಳ ನಂತರ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೆಕ್ಷನ್ ಸೇರಿತು. ಅದರಲ್ಲಿದ್ದದ್ದೂ ಅದೇ ಸಮುದಾಯದವರ ರಿಜಿಸ್ಟರು ಇಟ್ಟು ಅವರನ್ನು ನಿಯಂತ್ರಿಸುವ ಅಧಿಕಾರ. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿದರು. ಆ ಬಳಿಕ ಸಮುದಾಯವನ್ನು ಬೆರಳಿಟ್ಟು ತೋರಿಸುತ್ತಿದ್ದ ಪದ ಸೆಕ್ಷನ್ನಿನಿಂದ ಹೋಯಿತು. 1871ನ್ನು ನಾವು ಓದಿದ್ದಿದ್ದರೆ 2011ರಲ್ಲಿ ಆ ಸಾಲುಗಳನ್ನು ಬರೆಯುವ ಕೈ ನಡುಗುತ್ತಿತ್ತು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದೇ ಕಾರಣಕ್ಕೆ ಮುಖ್ಯ. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿ ಅದು. ಸೆರೆಮನೆಯೊಳಗೆ ಜಾತಿ ನೋಡಿ ಕೆಲಸ ಹಂಚುವ, ಅಲೆಮಾರಿ ಸಮುದಾಯದವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಎಣಿಸುವ ಜೈಲು ಕೈಪಿಡಿಗಳ ನಿಯಮಗಳನ್ನು ಕೋರ್ಟ್ ಅಸಾಂವಿಧಾನಿಕ ಎಂದಿತು. ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ತಾಕೀತು ಮಾಡಿತು. ತೀರ್ಪಿನ ಪುಟಗಳಲ್ಲಿ 1871ರ ಕಾಯ್ದೆಯ ಚರಿತ್ರೆಯೂ ಇದೆ. ನಮ್ಮ ಪಠ್ಯಪುಸ್ತಕಗಳು ಹೇಳದ ಪಾಠವನ್ನು ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿತು.

┌─────────────
ದಾರಿಯ ಮೈಲುಗಲ್ಲುಗಳು

1871: ಅಪರಾಧಿ ಬುಡಕಟ್ಟುಗಳ ಕಾಯ್ದೆ ಜಾರಿ

1911: ಮದ್ರಾಸ್, ಮುಂಬೈ ಸೇರಿ ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಣೆ

1924: ಎಲ್ಲ ತಿದ್ದುಪಡಿ ಒಟ್ಟುಗೂಡಿಸಿದ ಹೊಸ ಕಾಯ್ದೆ

1949: ಮುಂಬೈ ಪ್ರಾಂತದಲ್ಲಿ ರದ್ದು

1952, ಆಗಸ್ಟ್ 31: ದೇಶದಾದ್ಯಂತ ರದ್ದು

2008: ವಿಮುಕ್ತ, ಅಲೆಮಾರಿ ಸಮುದಾಯಗಳ ಕುರಿತ ಬಾಲಕೃಷ್ಣ ರೇಣಕೆ ಆಯೋಗದ ವರದಿ

2017: ಅದೇ ಸಮುದಾಯಗಳ ಕುರಿತ ಭಿಕು ರಾಮ್‌ಜಿ ಇದಾತೆ ಆಯೋಗದ ವರದಿ

2022: ವಿಮುಕ್ತ, ಅಲೆಮಾರಿ ಸಮುದಾಯಗಳಿಗಾಗಿ ಕೇಂದ್ರದ ‘ಸೀಡ್’ ಯೋಜನೆ
└─────────────

ವಿಳಾಸ ಬಚ್ಚಿಡುವ ಮಕ್ಕಳು

ಕಾಯ್ದೆ ಮಾಡಿದ ಗಾಯ ಎಲ್ಲಿದೆ ಎಂದು ಹುಡುಕಲು ಕಡತ ತೆರೆಯಬೇಕಿಲ್ಲ. ಸೆಟ್ಲಮೆಂಟ್ ಎಂಬ ವಿಳಾಸ ಕೇಳಿದ ಕೂಡಲೇ ಎದುರಿನವರ ಮುಖ ಬದಲಾಗುವುದನ್ನು ಅಲ್ಲಿನ ಹುಡುಗ, ಹುಡುಗಿಯರು ಚಿಕ್ಕಂದಿನಿಂದ ನೋಡಿ ಬಲ್ಲರು. ಅಂಗಡಿಯಲ್ಲಿ ಕೆಲಸ ಕೇಳುವಾಗ, ಬಾಡಿಗೆ ಮನೆ ಹುಡುಕುವಾಗ, ಹೆಣ್ಣು-ಗಂಡಿನ ಮಾತುಕತೆಯಲ್ಲಿ ಓಣಿಯ ಹೆಸರು ನುಂಗಿಕೊಂಡು ಪಕ್ಕದ ಬಡಾವಣೆಯ ಹೆಸರು ಹೇಳುವುದು ಇಂಥ ಬಡಾವಣೆಗಳಿಗೆ ಹೊಸದಲ್ಲ. ಊರಲ್ಲಿ ಕಳುವಾದರೆ ಮೊದಲ ಗುಮಾನಿ ಯಾವ ಕಡೆ ತಿರುಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಈ ಗುಮಾನಿ ಜೀವವನ್ನೂ ತೆಗೆದಿದೆ. 1998ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಶಬರ ಸಮುದಾಯದ ಬುಧನ್ ಶಬರ್ ಪೊಲೀಸ್ ವಶದಲ್ಲಿದ್ದಾಗ ಚಿತ್ರಹಿಂಸೆ ಅನುಭವಿಸಿ ಸತ್ತ. ಲೇಖಕಿ ಮಹಾಶ್ವೇತಾ ದೇವಿ ಆ ಪ್ರಕರಣವನ್ನು ಹೈಕೋರ್ಟಿಗೆ ಒಯ್ದರು. ಅದೇ ವರ್ಷ ಅವರು, ಭಾಷಾವಿದ್ವಾಂಸ ಗಣೇಶ ದೇವಿ ಮತ್ತು ಗೆಳೆಯರು ಸೇರಿ ವಿಮುಕ್ತ ಸಮುದಾಯಗಳ ಹಕ್ಕಿನ ಹೋರಾಟಕ್ಕೆ ಸಂಘಟನೆ ಕಟ್ಟಿದರು. ಗಣೇಶ ದೇವಿ ಮುಂದೆ, ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯ ಬಳಿಕ, ಧಾರವಾಡಕ್ಕೆ ಬಂದು ನೆಲೆಸಿದರು. ಒಂದು ಕಾಲದಲ್ಲಿ ಸೆಟ್ಲಮೆಂಟುಗಳ ಆಡಳಿತ ಕಚೇರಿ ಇದ್ದ ಊರೇ ಅದು.

ಬುಧನ್‌ನ ಸಾವು ಒಂದು ರಂಗತಂಡವನ್ನು ಹುಟ್ಟಿಸಿತು. ಅಹಮದಾಬಾದಿನ ಛಾರಾನಗರವೂ ಹಳೆಯ ಸೆಟ್ಲಮೆಂಟಿನ ಸುತ್ತ ಬೆಳೆದ ಬಡಾವಣೆ. ಅಲ್ಲಿನ ಛಾರಾ ಸಮುದಾಯದ ಯುವಕರು ‘ಬುಧನ್ ಥಿಯೇಟರ್’ ಕಟ್ಟಿ, ತಮ್ಮ ಅಜ್ಜ-ಅಪ್ಪಂದಿರ ಕಥೆಯನ್ನು ಬೀದಿಯಲ್ಲಿ ಆಡಿ ತೋರಿಸತೊಡಗಿದರು. ಮರಾಠಿಯಲ್ಲಿ ಲಕ್ಷ್ಮಣ ಮಾನೆ ‘ಉಪರಾ’ ಬರೆದರು, ಲಕ್ಷ್ಮಣ ಗಾಯಕವಾಡ ‘ಉಚಲ್ಯಾ’ ಬರೆದರು. ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಾನೆಯವರ ಕೈಕಾಡಿ ಸಮುದಾಯ ನಮ್ಮ ಕೊರವರ ಬಂಧು ಬಳಗವೇ.

ನೆನಪನ್ನು ಕಾಪಾಡುವುದು ಎಂದರೆ ಇದು. ಪೊಲೀಸ್ ರಿಜಿಸ್ಟರಿನಲ್ಲಿ ಬರೀ ಹೆಸರು, ವಯಸ್ಸು, ಹೆಬ್ಬೆಟ್ಟು ಆಗಿದ್ದವರು ತಮ್ಮ ಕಥೆಯನ್ನು ತಾವೇ ಹೇಳುವುದು.

ನಮ್ಮಲ್ಲಿ ಈ ಕಥೆ ಕೇಳುವವರು ಕಡಿಮೆ. ಅದರ ಪರಿಣಾಮ ಇವತ್ತಿನ ರಾಜಕೀಯದಲ್ಲೂ ಕಾಣುತ್ತದೆ. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಕುರಿತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗವು 59 ಅತಿ ಹಿಂದುಳಿದ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1ರಷ್ಟು ಮೀಸಲಾತಿ ಶಿಫಾರಸು ಮಾಡಿತ್ತು. ಅವುಗಳಲ್ಲಿ ಹೆಚ್ಚಿನವು ಅಲೆಮಾರಿ ಸಮುದಾಯಗಳು. ಸರ್ಕಾರ ಅವರನ್ನು ದೊಡ್ಡ ಗುಂಪಿಗೆ ಸೇರಿಸಿದಾಗ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. ತಲೆಮಾರುಗಟ್ಟಲೆ ಗುಮಾನಿಗೆ ಸಿಕ್ಕು ಅಲೆದವರ ಚರಿತ್ರೆ ತಿಳಿಯದವರಿಗೆ ಆ ಧರಣಿ ಹತ್ತರಲ್ಲಿ ಹನ್ನೊಂದನೆಯ ಬೇಡಿಕೆಯಾಗಿ ಕಂಡಿತು. ತಿಳಿದವರಿಗೆ ಬಾಕಿ ಉಳಿದ ಸಾಲದ ಲೆಕ್ಕವಾಗಿ ಕಂಡಿತು.

ಯಾವುದನ್ನು ನೆನಪಿಡಬೇಕು?

ಇಲ್ಲೊಂದು ಸೂಕ್ಷ್ಮವಿದೆ. ಹಳೆಯದನ್ನೆಲ್ಲ ಕೆದಕುವುದು ಯಾಕೆ, ನಮ್ಮ ಮಕ್ಕಳು ಅದನ್ನು ಮರೆತು ಮುಂದೆ ಹೋಗಲಿ ಎನ್ನುವ ಹಿರಿಯರು ಈ ಸಮುದಾಯಗಳಲ್ಲಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ‘ಅಪರಾಧಿ’ ಎಂಬ ಹಣೆಪಟ್ಟಿಯನ್ನು ಮತ್ತೆ ಮತ್ತೆ ಉಚ್ಚರಿಸುವುದರಿಂದಲೇ ಅದು ಮತ್ತೆ ಅಂಟಿಕೊಳ್ಳಬಹುದೆಂಬ ಅವರ ಭಯ ಅನುಭವದಿಂದ ಬಂದದ್ದು.

ಅದಕ್ಕೇ ನೆನಪಿನ ಕೆಲಸ ಎಚ್ಚರದಿಂದ ಆಗಬೇಕು. ಹಣೆಪಟ್ಟಿಯನ್ನಲ್ಲ, ಅದನ್ನು ಅಂಟಿಸಿದ ಕೈಯನ್ನು ನೆನಪಿಡಬೇಕು. ಸೆಟ್ಲಮೆಂಟಿನ ವಾರ್ಷಿಕ ವರದಿಗಳು, ಸಮಿತಿಗಳ ವರದಿಗಳು, ಮುಂಬೈ ಸರ್ಕಾರದ ಆಗಿನ ಕಡತಗಳು ಇವೆ. ಅವು ಕನ್ನಡಕ್ಕೆ ಬರಬೇಕು. ಆದರೆ ಹೆಸರು, ಬೆರಳಚ್ಚು ಇರುವ ರಿಜಿಸ್ಟರುಗಳ ವಿಷಯ ಬೇರೆ. ಅವು ಬದುಕಿರುವ ಕುಟುಂಬಗಳ ಅಜ್ಜ-ಅಜ್ಜಿಯರ ಹೆಸರುಗಳು. ಅವನ್ನು ಯಾರು ನೋಡಬೇಕು, ಹೇಗೆ ಬಳಸಬೇಕು ಎಂಬುದನ್ನು ಆ ಕುಟುಂಬಗಳ ಒಪ್ಪಿಗೆಯಿಲ್ಲದೆ ಯಾವ ಸಂಶೋಧಕನೂ ತೀರ್ಮಾನಿಸಬಾರದು.

ಕಾಗದದಲ್ಲಿ ಸಿಗದ್ದು ಇನ್ನೂ ಬಹಳ. ಹಾಜರಿಗೆ ನಿಂತಾಗ ಕಾಲು ಸೋತ ಗರ್ಭಿಣಿಗೆ ಏನಾಯಿತು, ಪಾಸು ಸಿಗದೆ ತವರಿನ ಸಾವಿಗೆ ಹೋಗಲಾಗದವಳು ಯಾವ ಹಾಡು ಕಟ್ಟಿದಳು, ಬೇಲಿಯೊಳಗೆ ಮದುವೆ ಹೇಗೆ ನಡೆಯಿತು, ಹೊರಗಿನವರಿಗೆ ತಿಳಿಯದಂತೆ ಆಡುತ್ತಿದ್ದ ಕುಲದ ಭಾಷೆ ಈಗ ಯಾರ ನಾಲಿಗೆಯ ಮೇಲಿದೆ – ಇವು ಕಡತದಲ್ಲಿಲ್ಲ. ಇದ್ದರೆ ಮನೆಮಾತಿನಲ್ಲಿವೆ. ಕಾಯ್ದೆ ರದ್ದಾದಾಗ ಹತ್ತು ವರ್ಷದ ಮಗುವಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ತಂತಿಬೇಲಿಯನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ಅದು. ಅವರ ಮಾತನ್ನು ದಾಖಲಿಸಲು ಹೆಚ್ಚು ವರ್ಷ ಉಳಿದಿಲ್ಲ.

ಮಾಡಬೇಕಾದ್ದು ಕೈಗೆಟುಕದ್ದೇನಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ರಾಜ್ಯ ಪತ್ರಾಗಾರ ಇಲಾಖೆ ಕೈಜೋಡಿಸಿದರೆ ಹುಬ್ಬಳ್ಳಿ, ಗದಗ, ವಿಜಯಪುರಗಳ ಹಿರಿಯರ ಮಾತು ಧ್ವನಿಮುದ್ರಣವಾಗಬಹುದು. ಆ ಕೆಲಸಕ್ಕೆ ಅದೇ ಓಣಿಗಳ ಓದಿದ ಹುಡುಗ, ಹುಡುಗಿಯರನ್ನೇ ಸಂಬಳ ಕೊಟ್ಟು ನೇಮಿಸಬಹುದು. ಪ್ರತಿ ಸೆಟ್ಲಮೆಂಟಿನ ಬಾಗಿಲಲ್ಲಿ, ಸಮುದಾಯ ಒಪ್ಪಿದ ಮಾತಿನಲ್ಲಿ, ಇಲ್ಲಿ ಏನು ನಡೆಯಿತೆಂದು ಹೇಳುವ ಒಂದು ಫಲಕ ನಿಲ್ಲಬಹುದು. ಪೊಲೀಸ್ ತರಬೇತಿ ಶಾಲೆಗಳಲ್ಲಿ 1871ರ ಕಾಯ್ದೆ ಒಂದು ಕಡ್ಡಾಯ ಪಾಠವಾಗಬಹುದು. ಹೈಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ಕಿತ್ತೂರು, ಹಲಗಲಿಗಳ ಪಕ್ಕದಲ್ಲೇ ಹುಬ್ಬಳ್ಳಿ ಸೆಟ್ಲಮೆಂಟಿಗೆ ಎರಡು ಪುಟ ಸಿಗಬಹುದು.

ಈ ಆಗಸ್ಟ್ 31ಕ್ಕೆ ಇಷ್ಟಾದರೂ ಆಗಲಿ: ನಮ್ಮ ಶಾಲೆಗಳು, ಸಂಘಗಳು, ಪಂಚಾಯಿತಿಗಳು ವಿಮುಕ್ತ ಸಮುದಾಯದ ಒಬ್ಬ ಹಿರಿಯರನ್ನು ಕರೆದು ಕೂರಿಸಿ ಒಂದು ಗಂಟೆ ಅವರ ಮಾತು ಕೇಳಲಿ. ಕಾಯ್ದೆಯ ಮೇಲಿರಬೇಕಾದ ಕಳಂಕವನ್ನು ಜನರ ಮೇಲೆ ಹೊರಿಸಿ ನೂರೈವತ್ತು ವರ್ಷ ದಾಟಿತು. ಅದನ್ನು ಇಳಿಸುವ ಹೊಣೆ ಹೊತ್ತವರದಲ್ಲ, ಹೊರಿಸಿದ ಸಮಾಜದ್ದು. ಅಂದರೆ ನಮ್ಮದು.